ಹೇಳುವವಳಿದ್ದೇನೆ, ಕೇಳುವವರಿಲ್ಲ

ಅಮೆರಿಕದ ಸಂವಿಧಾನದ ಬಗ್ಗೆ ನಾನು ಬಾಯಿ ತೆರೆದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಕಾಲೇಜಿನಲ್ಲಿ ಅದನ್ನೇ ಕಲಿಸಿ ನಿವೃತ್ತಳಾದವಳು ನಾನು. ಆಗೆಲ್ಲ ಎಡವಟ್ಟಿಗೆ ವಿದ್ಯಾರ್ಥಿಗಳೇ ಕಾರಣ ಅಂದುಕೊಂಡಿದ್ದೆ. ಪಾಪ, ಅವರದೇನೂ ತಪ್ಪಿಲ್ಲ, ನನ್ನ ಜಾತಕವೇ ಹಾಗೆ.

ನಗುವವರ ಪೈಪೋಟಿ

ಮುಂಬಯಿಯ ಭಾಂಡುಪ್‌ನಲ್ಲಿ ನಾನೊಬ್ಬಳೇ ಇರುವುದು. ಮದುವೆಯಾಗಲಿಲ್ಲ, ಆಗಬೇಕು ಅಂತ ಅನ್ನಿಸಲೂ ಇಲ್ಲ. ಕೆಲಸ ಇದ್ದಾಗ ದಿನವಿಡೀ ಪಾಠ ಮಾಡಿ ಗಂಟಲು ಒಣಗಿಸಿಕೊಂಡು ಬಂದರೆ ಮನೆಯ ಮೌನ ಹಿತವಾಗಿತ್ತು. ನಿವೃತ್ತಿಯಾದ ಮೇಲೆ ಅದೇ ಮೌನ ತಿನ್ನಲಿಕ್ಕೆ ಬಂತು. ಒಂದು ಸಂಜೆ ಕೊರಿಯರ್‌ನವನು ಬಾಗಿಲು ತಟ್ಟಿದ. "ಯಾರು?" ಅಂತ ಕೇಳಲು ಹೋದರೆ ಸ್ವರವೇ ಹೊರಡಲಿಲ್ಲ. ಬೆಳಗ್ಗೆಯಿಂದ ಅದೇ ನನ್ನ ಮೊದಲ ಮಾತು. ಸುಳ್ಳು ಯಾಕೆ ಹೇಳಲಿ, ಹೆದರಿಕೆಯಾಯಿತು. ಅವನು ಬಂದದ್ದೂ ಪಕ್ಕದ ಮನೆಗೆ.

ಮರುದಿನವೇ ನಮ್ಮ ಕಡೆಯ ಕನ್ನಡ ಸಂಘಕ್ಕೆ ಹೋದೆ. ಅದರ ಕಾರ್ಯದರ್ಶಿ ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಾರೆ.

"ಭಾನುವಾರ ಸಂಜೆ ಹಾಲ್ ಖಾಲಿ ಉಂಟಲ್ಲ, ನಾನು ಅಮೆರಿಕದ ಸಂವಿಧಾನದ ಬಗ್ಗೆ ಮಾತಾಡುತ್ತೇನೆ" ಎಂದೆ.

"ಎಂತ ಟೀಚರೇ, ನಮ್ಮದೇ ಒಂದು ಉಂಟಲ್ಲ?"

"ನಮ್ಮದರ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬರುವುದು ಇದೊಂದೇ."

ಅವರು ತಲೆ ಕೆರೆದುಕೊಂಡರು. "ಲಾಫಿಂಗ್ ಕ್ಲಬ್ಬಿನವರೂ ಅದೇ ಟೈಮು ಕೇಳ್ತಿದ್ದಾರೆ. ನಿಮಗೇ ಕೊಡುವ, ಆದರೆ ಜನ ಬರಬೇಕು. ಬರದಿದ್ದರೆ ಅವರಿಗೆ ಕೊಡಬೇಕಾಗ್ತದೆ, ಬೇಜಾರು ಮಾಡ್ಬಾರ್ದು."

ಕಾರಣವೇ ಇಲ್ಲದೆ ನಗುವವರ ಜೊತೆ ನನ್ನ ಪೈಪೋಟಿ. ವಾರಕ್ಕೊಮ್ಮೆಯಾದರೂ ನಾಲ್ಕು ಮುಖ ನೋಡಿ ಮಾತಾಡಬೇಕಿದ್ದರೆ ಗೆಲ್ಲಲೇಬೇಕಿತ್ತು. ಮೊದಲ ಭಾನುವಾರ ನಾನು ಮಾತಾಡುತ್ತಿರುವಾಗ ಕೆಳಗಿನ ಗಾರ್ಡನ್ನಿನಲ್ಲಿ ಅವರು ಹೋ ಹೋ ಎಂದು ನಗುತ್ತಿದ್ದರು. ನನ್ನ ಸಭಿಕರೆಲ್ಲ ಕಿಟಕಿಗೆ ಹೋಗಿ ನಿಂತರು. ಎಲ್ಲರೂ ಅಂದರೆ, ಇಬ್ಬರು.

ಬೋರ್ಡು

ಎರಡನೇ ವಾರದ ವಿಷಯ ವಾಕ್ ಸ್ವಾತಂತ್ರ್ಯ. ಸರ್ಕಾರ ಜನರ ಬಾಯಿ ಮುಚ್ಚಿಸುವ ಹಾಗಿಲ್ಲ ಅಂತ ಆ ದೇಶದವರು ಮೊದಲನೇ ತಿದ್ದುಪಡಿಯಲ್ಲೇ ಬರೆದುಕೊಂಡದ್ದು, ಬರೆದ ಮೇಲೂ ಅದಕ್ಕಾಗಿ ಕೋರ್ಟು ಮೆಟ್ಟಿಲು ಹತ್ತಿ ಇಳಿದದ್ದು, ಎಲ್ಲ ಹೇಳಿದೆ. ಕಾರ್ಯದರ್ಶಿಯವರು ಕಣ್ಣು ಮಿಟುಕಿಸದೆ ಕೇಳಿದರು. ಮರುದಿನ ಅವರದೇ ಫೋನು.

"ಟೀಚರೇ, ನಮ್ಮ ಹೋಟೆಲಿನಲ್ಲಿ 'ರಾಜಕೀಯ ಮಾತಾಡಬಾರದು' ಅಂತ ಅಪ್ಪನ ಕಾಲದ ಬೋರ್ಡು ಇತ್ತಲ್ಲ, ತೆಗೆಸಿಬಿಟ್ಟೆ."

ಇಷ್ಟು ವರ್ಷದ ಪಾಠದಿಂದ ಒಂದು ಬೋರ್ಡಾದರೂ ಬಿತ್ತಲ್ಲ ಅಂತ ಖುಷಿಯಾಗಿ ಹೋಟೆಲಿಗೇ ಹೋದೆ. ಪ್ರತಿ ಟೇಬಲ್ಲಿನಲ್ಲೂ ಬಿಸಿ ಬಿಸಿ ಚರ್ಚೆ. ನನ್ನ ಟೇಬಲ್ಲಿನಲ್ಲಿ ಮಾತ್ರ ನಾನೂ ನನ್ನ ಇಡ್ಲಿಯೂ. ಒಬ್ಬರು ನಗುಮುಖದಿಂದ ಹತ್ತಿರ ಬಂದರು. ಮಾತಾಡಿಸುತ್ತಾರೆ ಅಂತ ಸೆರಗು ಸರಿಮಾಡಿಕೊಂಡೆ. "ಮೇಡಂ, ಈ ಚೇರ್ ಖಾಲಿಯಾ?" ಎಂದು ಕೇಳಿ ಎದುರಿನ ಕುರ್ಚಿ ಎತ್ತಿಕೊಂಡು ಹೋದರು.

ಮುಂದಿನ ವಾರ ಕಾರ್ಯದರ್ಶಿಯವರ ಮುಖ ಸಪ್ಪಗಿತ್ತು. "ಅರ್ಧ ಗ್ಲಾಸ್ ಕಟಿಂಗ್ ಚಹಾ ತಗೊಂಡು ಎರಡು ಗಂಟೆ ಕೂರ್ತಾರೆ ಮಾರಾಯ್ರೆ. ಊಟದವರಿಗೆ ಜಾಗ ಇಲ್ಲ. ಬೋರ್ಡು ಪುನಃ ಹಾಕಿದೆ."

"ಅದೇ ಹಳೇ ಬೋರ್ಡಾ?"

"ಛೆ ಛೆ, ನಿಮ್ಮ ಪಾಠ ಕೇಳಿದ ಮೇಲೆ ಹಾಗೆ ಮಾಡ್ತೇನಾ? ಹೊಸತು ಬರೆಸಿದೆ. 'ಇಲ್ಲಿ ಏನು ಬೇಕಾದರೂ ಮಾತಾಡಬಹುದು, ನಿಂತುಕೊಂಡು.'"

ಸುಮ್ಮನಿರುವ ಹಕ್ಕು

ನನ್ನ ಸಭಿಕರಲ್ಲಿ ವಿಜಯಪುರ ಕಡೆಯ, ಗಾರೆ ಕೆಲಸದ ಒಬ್ಬ ಗೌಂಡಿ ಇದ್ದ. ಹಾಲಿನಲ್ಲಿ ಫ್ಯಾನು ಚೆನ್ನಾಗಿದೆ ಅಂತ ಬರುತ್ತಿದ್ದ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಅಲ್ಲಿ ಪೊಲೀಸರು ಹಿಡಿದರೆ ಬಾಯಿ ಬಿಡದೆ ಸುಮ್ಮನಿರುವ ಹಕ್ಕಿದೆ, ಹಿಡಿದವರೇ ಅದನ್ನು ತಿಳಿಸಿ ಹೇಳಬೇಕು ಎಂದಾಗ ಮಾತ್ರ ಎದ್ದು ಕುಳಿತ. ಮುಂದಿನ ವಾರ ಎಲ್ಲರಿಗಿಂತ ಮೊದಲು ಹಾಜರಾದ.

"ಟೀಚರ್ರ, ನಿಮ್ಮ ಹಕ್ಕು ಭಾಳ ಛಲೋ ಐತ್ರಿ. ಅವಸರದಾಗ ಲೋಕಲ್ ಟ್ರೇನಿನ ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದ್ನಿರಿ, ಟಿಕೆಟ್ ನೋಡೂ ಟಿಸಿ ಹಿಡದ. ನಾ ಸುಮ್ಮನ ನಿಂತ್ನಿ."

"ಅಯ್ಯೋ, ಅದು ಅಮೆರಿಕದ್ದಪ್ಪ. ಇಲ್ಲಿನ ಟಿಸಿಗೆ ಅದೆಲ್ಲ ನಡೆಯುವುದಿಲ್ಲ. ಅವರು ಏನಂದರು?"

"ಹಿಂದ್ಯಾಗ ಕೇಳಿದ, ಮರಾಠ್ಯಾಗ ಕೇಳಿದ. ನಾ ತುಟಿ ಬಿಚ್ಚಲಿಲ್ರಿ. ಪಾಪ, ಮೂಗ ಅದಾನ ಅಂತ ತಿಳಕೊಂಡು ಕೈ ಹಿಡದು ಇಳಿಸಿ, ಅಂಗವಿಕಲರ ಡಬ್ಬ್ಯಾಗ ಕುಂದ್ರಿಸಿದ. ದಾದರ್ ತನಕ ಕುಂತ ಹೋದ್ನಿರಿ."

ಇನ್ನು ಹಾಗೆ ಮಾಡಬೇಡ, ಅದು ಅಂಗವಿಕಲರ ಜಾಗ ಎಂದು ಬೈದೆ. ಬೈದದ್ದಕ್ಕೂ ಅವನು ತುಟಿ ಬಿಚ್ಚಲಿಲ್ಲ.

ಎಲ್ಲಿ ಇಳಿಯುವವಳು?

ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪದ ಕಪ್ಪು ಹೆಂಗಸಿನ ಕಥೆ ನನಗೆ ಎಲ್ಲಕ್ಕಿಂತ ಪ್ರಿಯ. ಅವತ್ತು ಅದನ್ನೇ ಹೇಳಿದೆ. "ಏಳು ಅಂದರು, ಅವಳು ಏಳಲಿಲ್ಲ" ಎಂದು ಹೇಳಿ ನಿಲ್ಲಿಸಿದೆ.

ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ, ಆಯುಷ್ಯವೆಲ್ಲ ಲೋಕಲ್ ಟ್ರೇನಿನಲ್ಲಿ ಬ್ಯಾಂಕಿಗೆ ಹೋಗಿ ಬಂದವರು. ಮೆಲ್ಲಗೆ ಕೇಳಿದರು, "ಅವಳು ಎಲ್ಲಿ ಇಳಿಯುವವಳಿದ್ದಳು?"

"ಅದು ಮುಖ್ಯವಲ್ಲ ಅಮ್ಮ."

"ಅದೇ ಮುಖ್ಯ. ನಾವೆಲ್ಲ ಹತ್ತಿದ ಕೂಡಲೇ ಎಲ್ಲಿ ಇಳೀತೀರಿ ಅಂತ ಕೇಳಿ ಸೀಟು ಹೇಳಿಟ್ಟುಕೊಳ್ಳುವುದಿಲ್ಲವಾ? ಅವನೂ ಕೇಳಿಟ್ಟುಕೊಂಡಿದ್ದರೆ ಇಷ್ಟು ರಾದ್ಧಾಂತ ಇರಲಿಲ್ಲ."

ಅವನಿಗೆ ಕೇಳುವ ದರ್ದೇ ಇರಲಿಲ್ಲ, ಕಾನೂನೇ ಅವನ ಕಡೆಗಿತ್ತು, ಅದಕ್ಕೇ ಅಷ್ಟು ದೊಡ್ಡ ಹೋರಾಟವಾದದ್ದು ಎಂದು ಬಿಡಿಸಿ ಹೇಳಿದೆ. ಅಜ್ಜಿಗೆ ಅರ್ಥವಾಯಿತು, ಕಣ್ಣಂಚು ಒದ್ದೆಯಾಯಿತು. ನಾನು ಹುರುಪಿನಿಂದ ಮುಂದುವರಿಸಿದೆ. "ಆಮೇಲೆ ಆ ಊರಿನ ಕಪ್ಪು ಜನ ವರ್ಷ ಮೀರಿ ಬಸ್ಸೇ ಹತ್ತಲಿಲ್ಲ. ನಡೆದೇ ಕೆಲಸಕ್ಕೆ ಹೋದರು."

"ಯಾಕೆ, ರಿಕ್ಷಾದವರು ಅಲ್ಲಿಯೂ ಬರುವುದಿಲ್ಲ ಅಂತಾರಾ?"

ನೆಟ್ ಹಾಕದ ಬಾಲ್ಕನಿ

ಇಷ್ಟೆಲ್ಲ ಆದರೂ ಜನ ಹೆಚ್ಚಲಿಲ್ಲ. ಗೌಂಡಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಅಜ್ಜಿಗೆ ಮೊಣಕಾಲು ನೋವು ಹೆಚ್ಚಾಯಿತು. ಕಾರ್ಯದರ್ಶಿಯವರು ನನ್ನ ಮುಖ ನೋಡದೆ ಹೇಳಿದರು, "ಇದೊಂದು ಭಾನುವಾರ ನೋಡುವ ಟೀಚರೇ." ಮನೆಗೆ ಬಂದು ಅತ್ತೆ. ಅಳುವುದನ್ನು ಕೇಳುವವರೂ ಇಲ್ಲ ಅಂತ ಇನ್ನಷ್ಟು ಅಳು ಬಂತು.

ಆ ಭಾನುವಾರ ಹೋಗಿ ನೋಡುತ್ತೇನೆ, ಹಾಲ್ ಭರ್ತಿ. ಮೆಟ್ಟಿಲ ಮೇಲೂ ಜನ. ಮಾತು ಶುರು ಮಾಡಿ ಐದು ನಿಮಿಷವಾಗಿರಲಿಲ್ಲ, ಹಿಂದಿನಿಂದ ಒಬ್ಬರು ಎದ್ದರು. "ಅದೆಲ್ಲ ಇರಲಿ, ಹಕ್ಕಿಯ ವಿಷಯಕ್ಕೆ ಯಾವಾಗ ಬರ್ತೀರಿ?"

"ಯಾವ ಹಕ್ಕಿ?"

ಅವರು ಮೊಬೈಲು ತಂದು ತೋರಿಸಿದರು. ಸಂಘದ ವಾಟ್ಸಾಪ್ ಪೋಸ್ಟರ್: "ಅಮೆರಿಕದಲ್ಲಿ ನಾಗರಿಕ ಹಕ್ಕಿಗಳು. ಎಲ್ಲರೂ ಬನ್ನಿ." ಕೆಳಗೆ ಪಾರಿವಾಳಗಳ ಫೋಟೋ.

ಪೋಸ್ಟರ್ ಮಾಡಿದ್ದು ಕಾರ್ಯದರ್ಶಿಯವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಅಷ್ಟಕ್ಕಷ್ಟೆ. "ಆಂಟೀ, ಪಪ್ಪಾ 'ಹಕ್ಕು' ಲಿಖಾ ಥಾ. ಹಕ್ಕಿ ಅಂದ್ರೆ ಚಿಡಿಯಾ ಅಲ್ವಾ? ಸ್ಪೆಲಿಂಗ್ ಮಿಸ್ಟೇಕ್ ಅಂತ ನಾನೇ ಕರೆಕ್ಟ್ ಮಾಡ್ದೆ" ಎಂದಳು.

ಈಗಿನ ಮುಂಬಯಿಯಲ್ಲಿ ಪಾರಿವಾಳ ಅಂದರೆ ಸುಮ್ಮನೆಯಾ? ಕಾಳು ಹಾಕುವವರಿಗೂ, ಹಿಕ್ಕೆಯಿಂದ ಉಸಿರಾಟದ ಕಾಯಿಲೆ ಬರುತ್ತದೆ ಬೇಡ ಅನ್ನುವವರಿಗೂ ಪ್ರತಿ ಬಿಲ್ಡಿಂಗಿನಲ್ಲಿ ಕುಸ್ತಿ. ಎರಡೂ ಪಕ್ಷದವರು ಪೂರ್ತಿ ತಯಾರಿಯಲ್ಲಿ ಬಂದಿದ್ದರು. ಇದು ಹಕ್ಕಿಯಲ್ಲ, ಹಕ್ಕು ಎಂದು ಹೇಳಿ ಕೈಮುಗಿದೆ. ಇನ್ನೇನು ಎಲ್ಲರೂ ಎದ್ದು ಹೋಗುತ್ತಾರೆ ಅಂತ ನನ್ನ ಟಿಪ್ಪಣಿ ಮಡಚತೊಡಗಿದೆ. ಅಷ್ಟರಲ್ಲಿ ಒಬ್ಬ ಹೆಂಗಸು ಎದ್ದು, "ಹಾಗಾದರೆ ಹೇಳಿ, ಕಾಳು ಹಾಕುವುದು ನನ್ನ ಹಕ್ಕಾ ಅಲ್ಲವಾ?" ಎಂದಳು. ಪಕ್ಕದಿಂದ ಒಬ್ಬರು, "ಉಸಿರಾಡುವುದು ನನ್ನ ಹಕ್ಕಲ್ಲವಾ?" ಎಂದರು. ಸ್ವಾತಂತ್ರ್ಯ ಎಲ್ಲಿಂದ ಶುರು, ಎಲ್ಲಿಗೆ ಮುಗಿಯಬೇಕು, ಹೆಚ್ಚಿನವರಿಗೆ ಬೇಡ ಅಂತ ಕಮ್ಮಿ ಜನರ ಹಕ್ಕು ಕಿತ್ತುಕೊಳ್ಳಬಹುದೇ, ನಾನು ಮೂವತ್ತು ವರ್ಷ ಬಡಕೊಂಡರೂ ಯಾರೂ ಕೇಳದ ಪ್ರಶ್ನೆಗಳನ್ನೆಲ್ಲ ಅವರವರೇ ಕೂಗಾಡಿ ಕೇಳಿಕೊಂಡರು. ನನಗೆ ಬಾಯಿ ಹಾಕಲು ಜಾಗವೇ ಸಿಗಲಿಲ್ಲ.

ಎಲ್ಲರೂ ಹೋದ ಮೇಲೆ ಆ ಕಾಳಿನ ಹೆಂಗಸು ನನ್ನ ಹತ್ತಿರ ಬಂದಳು.

"ಟೀಚರ್, ನಿಮಗೆ ಬಾಲ್ಕನಿ ಉಂಟಾ?"

"ಉಂಟು."

"ಪಾರಿವಾಳ ಬಾರದ ಹಾಗೆ ನೆಟ್ ಹಾಕಿಸಿದ್ದೀರಾ?"

"ಇಲ್ಲ."

"ಮನೆಯಲ್ಲಿ ಬೇಡ ಅನ್ನುವವರು?"

"ಯಾರೂ ಇಲ್ಲ" ಎಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದಳು, "ಎಷ್ಟು ಪುಣ್ಯ ಮಾಡಿದ್ದೀರಿ ನೀವು."

ಮರುದಿನ ಬೆಳಗ್ಗೆ ಜೋಳದ ಚೀಲ ಹಿಡಿದುಕೊಂಡು ಬಂದಳು. ಹಿಂದೆಯೇ ಪಾರಿವಾಳಗಳೂ ಬಂದವು. ಅವಳ ಗಂಡನ ಶುಗರ್, ಸೊಸೆಯ ಕೊಂಕು ಎಲ್ಲ ನನ್ನ ಅಡುಗೆಮನೆಯಲ್ಲೇ ಕೂತು ಹೇಳಿದಳು. ದಿನಾ ಬರತೊಡಗಿದಳು. ಕೆಲವೇ ದಿನಗಳಲ್ಲಿ ನಮ್ಮ ಬಿಲ್ಡಿಂಗಿನ ಚೇರ್ಮನ್ ಸಾಹೇಬರು ಬಾಗಿಲು ಬಡಿದರು. ಇಷ್ಟು ವರ್ಷದಲ್ಲಿ ಅವರು ನನ್ನ ಮನೆಗೆ ಬಂದದ್ದು ಅದೇ ಮೊದಲು. ಮುಖ ಕೆಂಪಗೆ, ಶರ್ಟಿನ ಭುಜದ ಮೇಲೆ ಪಾರಿವಾಳದ ಗುರುತು. "ಮೇಡಂ, ಏನಿದು? ಯಾವ ಹಕ್ಕಿನಿಂದ ಇದೆಲ್ಲ ಮಾಡ್ತಿದ್ದೀರಿ?" ಎಂದು ಹಿಂದಿಯಲ್ಲಿ ಗುಡುಗಿದರು.

ಯಾವ ಹಕ್ಕು ಅಂತ ಮನೆ ಬಾಗಿಲಿಗೇ ಬಂದು ಕೇಳಿದ ಮೊದಲ ಮನುಷ್ಯ. ಒಳಗೆ ಕರೆದು ಕೂರಿಸಿದೆ, ಚಹಾಕ್ಕೆ ನೀರಿಟ್ಟೆ, ಮೆಲ್ಲಗೆ ಬಾಗಿಲು ಹಾಕಿ, ಸಂವಿಧಾನದ ಪೀಠಿಕೆಯಿಂದಲೇ ಶುರು ಮಾಡಿದೆ.