ಅಚ್ಚು ಒಂದೇ, ಬಣ್ಣ ಬೇರೆ

ಮನೆಯಲ್ಲಿ ಒಬ್ಬರಿಗೆ ಹುಚ್ಚು ಹಿಡಿದರೆ ಉಳಿದವರಿಗೆ ಟಿ.ವಿ. ಬೇಕಾಗುವುದಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸು, ನಾವು ಡಲ್ಲಾಸಿನಲ್ಲಿದ್ದಾಗ, ನಮ್ಮವರಿಗೆ ಜಪಾನಿನ ಹಳೆಯ ಚಿತ್ರಗಳ ಹುಚ್ಚು ಹಿಡಿಯಿತು. ಬೆಟ್ಟ, ಕೆರೆ, ದೋಣಿಗಳನ್ನು ಮರದಲ್ಲಿ ಕೆತ್ತಿ, ಬಣ್ಣ ಸವರಿ ಕಾಗದಕ್ಕೆ ಒತ್ತಿದ ಚಿತ್ರಗಳು. ನಿಜಕ್ಕೂ ಚೆಂದ. ತೊಂದರೆ ಇದ್ದದ್ದು ಇವರದೇ.

೧. ಬೆಳಗು, ಸಂಜೆ

ಒಂದು ಶನಿವಾರ ಪಾರ್ಸೆಲ್ ಬಂತು. ಬಿಚ್ಚಿದರೆ, ಗೋಡೆಯ ಮೇಲಿದ್ದ ಅದೇ ದೋಣಿ, ಅದೇ ದಡ.

"ಇದು ಆಗಲೇ ಇದೆಯಲ್ರೀ?"

"ಅಚ್ಚು ಅದೇ ಕಣೇ. ಬಣ್ಣ ನೋಡು. ಅದು ಬೆಳಗ್ಗೆ, ಇದು ಸಂಜೆ. ಬೇರೆ ಚಿತ್ರಾನೇ!"

ಬೆಳಗಿನ ಉಪ್ಪಿಟ್ಟು ಉಳಿದಿತ್ತು. ಸಂಜೆ ಅದಕ್ಕೇ ಅರಿಶಿನದ ಒಗ್ಗರಣೆ ಹಾಕಿ ತಟ್ಟೆಗೆ ಬಡಿಸಿದೆ.

"ಇದು ಬೆಳಗಿಂದೇ ಅಲ್ವೇನೇ?"

"ರವೆ ಅದೇ. ಬಣ್ಣ ನೋಡಿ. ಇದು ಖಾರಾಭಾತು."

೨. ಹಿಂಬದಿ

ಆಸ್ಟಿನ್ ಹತ್ತಿರದ ಜಾರ್ಜ್‌ಟೌನಿನಲ್ಲಿ ಪರಿಚಯದವರ ಗೃಹಪ್ರವೇಶ. ನಡುಮನೆಯ ಗೋಡೆಗೆ ಅಂಥದ್ದೇ ಒಂದು ಚಿತ್ರವನ್ನು ಪಿನ್ನು ಚುಚ್ಚಿ ಹಾಕಿದ್ದರು. ಕೈಯಲ್ಲಿ ಒತ್ತಿದ್ದಾದರೆ ಬಣ್ಣ ಕಾಗದದ ಹಿಂಬದಿಗೂ ಇಳಿದಿರುತ್ತದಂತೆ. ಪುರೋಹಿತರು ಮಂಗಳಾರತಿಗೆ ಕರೆಯುತ್ತಿದ್ದರೆ, ಇವರು ಚಿತ್ರದ ಅಂಚೆತ್ತಿ ಒಳಗೆ ತಲೆ ತೂರಿಸಿ ನಿಂತಿದ್ದರು. ನಾನು ನಾಚಿಕೆಯಿಂದ ಸತ್ತೆ.

ಮನೆಯೊಡತಿ, ಪಾಪ, ಓಡಿ ಬಂದಳು. "ಅಂಕಲ್, ಗೋಡೇಲಿ ಬಿರುಕೇನಿಲ್ಲ. ಇನ್‌ಸ್ಪೆಕ್ಷನ್ ಮಾಡಿಸಿಯೇ ತಗೊಂಡಿದ್ದೀವಿ."

೩. ಕೆಂಪು ಮುದ್ರೆ

ಹ್ಯೂಸ್ಟನ್ನಿನಲ್ಲಿ ಧಾರವಾಡದ ಡಾಕ್ಟರೊಬ್ಬರಿಗೂ ಇದೇ ಹುಚ್ಚು. ನಮ್ಮವರು ಹೊಸದಾಗಿ ಕೊಂಡ ಬೆಳದಿಂಗಳ ಕೆರೆಯ ಚಿತ್ರ ಅವರಲ್ಲೂ ಇತ್ತು. ಅಚ್ಚು ಸವೆಯುವ ಮೊದಲು ಒತ್ತಿದ ಪ್ರತಿಗೇ ಮರ್ಯಾದೆ. ಡಾಕ್ಟರು ಫೋನಿನಲ್ಲಿ, "ನಿಮ್ಮದು ಆಮ್ಯಾಲೆ ಒತ್ತಿದ್ದಿರಬೇಕ್ರಿ" ಅಂದುಬಿಟ್ಟರು. ಅಂದಿನಿಂದ ಇವರಿಗೆ ಊಟ ಸೇರಲಿಲ್ಲ. ಕೊನೆಗೆ ಚಿತ್ರವನ್ನು ಕಾರಿನಲ್ಲಿಟ್ಟುಕೊಂಡು ಹೊರಟೇಬಿಟ್ಟೆವು. ಅಲ್ಲಿನ ಹಿಲ್‌ಕ್ರಾಫ್ಟ್ ಬೀದಿಯ ಸೀರೆ ಅಂಗಡಿಯ ಆಸೆಗೆ, ಮೈಸೂರಿನಿಂದ ಬಂದು ನಮ್ಮಲ್ಲಿದ್ದ ನಮ್ಮತ್ತೆಯೂ ಜೊತೆಯಾದರು.

ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರು. ಗೆರೆ ಒಂದೇ, ನೀಲಿ ಒಂದೇ. ಅಂಚಿಗೆ ಬಂದವರು ಅಲ್ಲೇ ನಿಂತರು.

"ಇಲ್ಲೊಂದು ಕೆಂಪು ಮುದ್ರಿ ಅದ ಅಲ್ಲರಿ! ನನ್ನದರಾಗ ಇಲ್ಲ. ಎಲ್ಲಿಯೂ ನೋಡಿಲ್ಲ ನಾ. ಮೊದಲ ಒತ್ತಿದ್ದಕ್ಕಷ್ಟ ಹಾಕಿರಬೇಕು. ಆತ್ರಿ, ನಿಮ್ಮದೇ ಮೊದಲಿಂದು."

ನಮ್ಮವರೂ ಆ ಮುದ್ರೆಯನ್ನು ನೋಡಿದ್ದು ಆಗಲೇ. ಆದರೂ, "ನಾನು ಮೊದಲೇ ಗಮನಿಸಿದ್ದೆ ಡಾಕ್ಟ್ರೇ" ಎಂದು ಬೀಗಿದರು. ಡಾಕ್ಟರ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಡಾಕ್ಟರ ಹೆಂಡತಿ ನಮ್ಮತ್ತೆಗೆ ಅರಿಶಿನ ಕುಂಕುಮ ತಂದರು. ಅತ್ತೆ ಹಣೆಗಿಟ್ಟುಕೊಂಡು, ಅದೇ ಬೆರಳನ್ನು ಡಾಕ್ಟರ ಚಿತ್ರದ ಕಡೆ ಚಾಚಿದರು.

"ಅಯ್ಯೋ, ಒಂದು ಬೊಟ್ಟಿಗೆ ಅಷ್ಟು ಬೇಜಾರಾ ಡಾಕ್ಟ್ರೇ? ಹೊಸ ವಸ್ತು ಅಂತ ನಮ್ಮದಕ್ಕೆ ನಾನೇ ಕುಂಕುಮ ಕಲಸಿ ಇಟ್ಟೆ. ಜರುಗಿ, ನಿಮ್ಮದಕ್ಕೂ ಇಡ್ತೀನಿ."