ಕ್ಯೋಟೋದಲ್ಲಿ ತಿಯೆನ್‌ಫುವಿನ ದಿಗ್ವಿಜಯ

ಹಳದಿ ಟೋಪಿಗಳು ಅಗ್ಗಕ್ಕೆ ಸಿಕ್ಕಿದ್ದೇ ತಪ್ಪಾಯಿತು. ತೈನಾನ್ ಹಳೇಪೇಟೆಯ ಗೋದಾಮಿನವನು ಒಂದು ಮೂಟೆ ಟೋಪಿಯನ್ನು ಅರ್ಧ ಬೆಲೆಗೆ ಕೊಡುತ್ತೇನೆಂದ. ಮೀನುಗಂಜಿ ಅಂಗಡಿಯ ಕೆ ತಿಯೆನ್‌ಫು ಹಿಂದೆಮುಂದೆ ನೋಡದೆ ಹೊತ್ತು ತಂದ. ಪಕ್ಕದಲ್ಲೇ ಇದ್ದ ಅದೇ ಬಣ್ಣದ ಇನ್ನೊಂದು ಮೂಟೆ ಯಾರ ಪಾಲಾಯಿತು ಎಂದು ಕೇಳುವ ವ್ಯವಧಾನ ಅವನಿಗಿರಲಿಲ್ಲ.

ಇರುವುದಾದರೂ ಹೇಗೆ? ವಾರ್ಡ್ ಚುನಾವಣೆ ಬಾಗಿಲಿಗೆ ಬಂದಿತ್ತು. ನಮ್ಮ ತೈನಾನ್‌ನಲ್ಲಿ ವಾರ್ಡಿನ ಮುಖ್ಯಸ್ಥನಾಗಬೇಕಾದರೆ ಭಾಷಣ ಬಿಗಿದರೆ ಸಾಲದು. ಜನರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಬೇಕು, ಹೋದಷ್ಟೂ ತಲೆಗಳನ್ನು ವಾಪಸು ತರಬೇಕು. ಈಗಿನ ಮುಖ್ಯಸ್ಥೆ ಲಿಯಾವ್ ಶುಚಿನ್ ಎರಡು ಸಲ ಗೆದ್ದದ್ದೇ ಹಾಗೆ. ಒಮ್ಮೆ ಬಿಸಿನೀರಿನ ಬುಗ್ಗೆಗೆ, ಇನ್ನೊಮ್ಮೆ ಸ್ಟ್ರಾಬೆರಿ ತೋಟಕ್ಕೆ. ಆಕೆಯನ್ನು ಸೋಲಿಸಬೇಕಾದರೆ ಸಮುದ್ರವನ್ನೇ ದಾಟಬೇಕು ಎಂದು ತಿಯೆನ್‌ಫು ತೀರ್ಮಾನಿಸಿದ.

"ಜಪಾನಿಗೆ ಹೋಗೋಣ, ಕ್ಯೋಟೋಗೆ! ಗೈಡು ಗೀಡು ಯಾರೂ ಬೇಡ, ನಾನಿಲ್ವಾ?" ಎಂದು ಗಂಜಿ ಬಡಿಸುತ್ತಲೇ ಘೋಷಿಸಿದ. ಅವನು ಕ್ಯೋಟೋಗೆ ಹೋಗಿದ್ದದ್ದು ಒಂದೇ ಸಲ, ಮದುವೆಯಾದ ಹೊಸದರಲ್ಲಿ. ಆಗಲೂ ಜ್ವರ ಬಂದು ಹೋಟೆಲ್ ಕೋಣೆಯಲ್ಲೇ ಕಂಬಳಿ ಹೊದ್ದು ಮಲಗಿದ್ದ. ಈ ವಿಷಯ ಹೆಂಡತಿ ಮೇಯುನ್‌ಗೆ ಮಾತ್ರ ಗೊತ್ತಿತ್ತು. ಆಕೆ ಗಂಡನ ಮಾನ ಕಾಯುವವಳು, ತುಟಿ ಬಿಚ್ಚಲಿಲ್ಲ.

ಕ್ಯೋಟೋದ ಮೊದಲ ಬೆಳಿಗ್ಗೆ ಹೋಟೆಲಿನ ಮುಂದೆ ಟೋಪಿ ಹಂಚಿಕೆ ನಡೆಯಿತು. ಕ್ಷೌರದಂಗಡಿಯ ಆಪಿಂಗ್ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಲ್ಲಣ್ಣ, ಬೇರೆಯವರು ಗೆದ್ದಮೇಲೆ ಜನಕ್ಕೆ ಟೋಪಿ ಹಾಕ್ತಾರೆ. ನೀನು ಮುಂಚೇನೇ ಹಾಕ್ತಿದೀಯಲ್ಲ!"

ಎಲ್ಲರೂ ಗೊಳ್ಳೆಂದರು. ಎಲ್ಲರಿಗಿಂತ ಮೆಲ್ಲಗೆ ನಕ್ಕವಳು ಶುಚಿನ್. ಹೌದು, ಆಕೆಯೂ ಬಂದಿದ್ದಳು. "ತಿಯೆನ್‌ಫು ಅಣ್ಣನ್ನ ನೋಡಿ ನಾನೂ ನಾಲ್ಕು ಕಲೀತೀನಿ" ಎಂದಿದ್ದಳು. ಆ ಮಾತಿಗೆ ಸಕ್ಕರೆ ಎಷ್ಟು ಮೆತ್ತಿತ್ತೆಂದರೆ ಇರುವೆ ಮುತ್ತಬೇಕಿತ್ತು.

ವಸಂತಕಾಲ. ದೇವದಾರಿನ ಪರಾಗಕ್ಕೆ ಹೆದರಿ ಊರಿಗೆ ಊರೇ ಮಾಸ್ಕ್ ಹಾಕಿಕೊಂಡಿತ್ತು, ನಮ್ಮವರೂ ಹಾಕಿಕೊಂಡರು. ಮೇಲೆ ಹಳದಿ ಟೋಪಿ, ಕೆಳಗೆ ಬಿಳಿ ಮಾಸ್ಕ್, ನಡುವೆ ಎರಡು ಕಣ್ಣು. ತಿಯೆನ್‌ಫು ಛತ್ರಿಯ ತುದಿಗೆ ಕೆಂಪು ವಸ್ತ್ರ ಕಟ್ಟಿ ಮೇಲೆತ್ತಿ ಹೊರಟ.

"ರೀ, ಆಗಾಗ ಹಿಂದಕ್ಕೆ ತಿರುಗಿ ನೋಡ್ತಿರಿ" ಎಂದಳು ಮೇಯುನ್.

"ಮೆರವಣಿಗೆ ಮುಂದೆ ಡೋಲು ಬಡಿಯೋನು ಹಿಂದೆ ತಿರುಗ್ತಾನೇನೇ? ಮುಂದಾಳು ತಿರುಗಿ ನೋಡಿದ್ರೆ ಹಿಂದಿನವರಿಗೆ ಅನುಮಾನ ಬರುತ್ತೆ."

ದೊಡ್ಡ ದೇವಸ್ಥಾನದ ಏರುಬೀದಿಯಲ್ಲಿ ಜನವೋ ಜನ. ಮದುವೆಯ ಉಡುಪು ತೊಟ್ಟ ಹೊಸ ಜೋಡಿಯೊಂದು ಫೋಟೋಕ್ಕಾಗಿ ಬೀದಿಯ ಮಧ್ಯೆ ನಿಂತುಬಿಟ್ಟಿತ್ತು. ನೂಕುನುಗ್ಗಲಾಯಿತು. ಅದನ್ನು ದಾಟಿ ತಿಯೆನ್‌ಫು ಛತ್ರಿಯನ್ನು ಇನ್ನಷ್ಟು ಎತ್ತರಕ್ಕೆ ಹಿಡಿದ. ಹಿಂದೆ ಹೆಜ್ಜೆ ಸಪ್ಪಳ, ನಮ್ಮ ಭಾಷೆಯ ಹರಟೆ, ಏದುಸಿರು ಎಲ್ಲವೂ ಸರಿಯಾಗಿ ಕೇಳಿಸುತ್ತಿತ್ತು. ಎಂಥ ಶಿಸ್ತು ನನ್ನ ಜನರದು ಎಂದು ಎದೆ ಉಬ್ಬಿಸಿಕೊಂಡು ನಡೆದ.

ಮಧ್ಯಾಹ್ನ ಎಲ್ಲರನ್ನೂ ಒಂದು ನೂಡಲ್ಸ್ ಅಂಗಡಿಗೆ ನುಗ್ಗಿಸಿದ. ಬಟ್ಟಲುಗಳು ಬಂದವು, ಮಾಸ್ಕ್‌ಗಳು ಇಳಿದವು. ತಿಯೆನ್‌ಫುವಿನ ಕೈಯಲ್ಲಿದ್ದ ಕಡ್ಡಿಗಳು ಅಲ್ಲೇ ನಿಂತವು. ಆ ತುದಿಯಿಂದ ಈ ತುದಿಯವರೆಗೆ ಒಂದೇ ಒಂದು ಗುರುತಿನ ಮುಖವಿರಲಿಲ್ಲ!

ಪಕ್ಕದಲ್ಲಿದ್ದ ಚಿನ್ನದ ಹಲ್ಲಿನ ಅಜ್ಜಿ ಅವನ ಬೆನ್ನಿಗೆ ಗುದ್ದಿದಳು. "ಏನು ನಡಿಗೆ ಮಾರಾಯ ನಿಂದು! ಬೆಳಿಗ್ಗೆ ಇದ್ದ ಗೈಡ್ ಹುಡುಗಿ ಬದಲು ನಿನ್ನ ಕಳಿಸಿದ್ರಾ? ಒಳ್ಳೇದಾಯ್ತು ಬಿಡು. ಅವಳು ಒಂದೊಂದು ಕಲ್ಲಿನ ಹತ್ರಾನೂ ನಿಂತು ಚರಿತ್ರೆ ಕೊರೀತಿದ್ಲು."

"ನೀವು... ಎಲ್ಲಿಯವರಮ್ಮಾ?"

"ಚಿಯಾಯಿಯೋರು ಕಣಪ್ಪ. ಅದೂ ಹೇಳಿ ಕಳಿಸಿಲ್ವಾ ನಿಂಗೆ?"

ಎರಡನೇ ಮೂಟೆ ಟೋಪಿ ಪಕ್ಕದ ಊರಾದ ಚಿಯಾಯಿಗೆ ಹೋಗಿತ್ತು. ತಿಯೆನ್‌ಫು ಹೊರಗೆ ಓಡಿಹೋಗಿ ಹೆಂಡತಿಗೆ ಫೋನ್ ಮಾಡಿದ.

"ಎಲ್ಲಿದ್ದೀಯೇ?"

"ಇದೇನ್ರೀ ಪ್ರಶ್ನೆ? ನಿಮ್ಮ ಹಿಂದೇನೇ ಇದ್ದೀವಿ. ಜನ ಜಾಸ್ತಿ, ಆದ್ರೂ ನಿಮ್ಮ ಕೆಂಪು ಬಾವುಟ ಕಾಣ್ತಿದೆ. ಯಾಕೆ ಇಷ್ಟು ನಿಧಾನ ನಡೀತಿದೀರಿ, ಮಂಡಿ ನೋವಾ?"

"ಮಂಡಿ ಚೆನ್ನಾಗಿದೆ. ಈಗ ನಿನ್ನ ಕಣ್ಣಿಗೆ ಏನು ಕಾಣ್ತಿದೆ, ಹೇಳು ನೋಡೋಣ."

"ಬೆಟ್ಟದ ತುಂಬ ಕೆಂಪು ಕಮಾನುಗಳು. ಯಾಕೆ, ನಿಮಗೆ ಕಾಣ್ತಿಲ್ವಾ?"

"ಕಾಣ್ತಿದೆ, ಕಾಣ್ತಿದೆ! ನಿನಗೆ ಕಾಣ್ತಿದೆಯೋ ಇಲ್ವೋ ಅಂತ ಕೇಳ್ದೆ."

ನಿಜ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ಶುಚಿನ್‌ಳ ಮೆಲುನಗೆ ಕೇಳಿಸಿತು. ಇಡೀ ಬೀದಿಯನ್ನೇ ಪರದೇಶದಲ್ಲಿ ಕಳೆದುಕೊಂಡವನಿಗೆ ಯಾರು ಓಟು ಹಾಕುತ್ತಾರೆ? ಉಳಿದದ್ದು ಒಂದೇ ದಾರಿ. ಆ ಗೈಡ್ ಹುಡುಗಿಯನ್ನು ಹಿಡಿಯುವುದು, ಯಾರಿಗೂ ಗೊತ್ತಾಗದಂತೆ ಜನರನ್ನು ಅದಲುಬದಲು ಮಾಡಿಕೊಳ್ಳುವುದು.

"ಎದ್ದೇಳಿ, ಎದ್ದೇಳಿ! ಕೆಂಪು ಕಮಾನಿನ ಬೆಟ್ಟಕ್ಕೆ!"

ಚಿಯಾಯಿಯವರು ನೂಡಲ್ಸನ್ನು ಸುರ್ರನೆ ಎಳೆದುಕೊಂಡು ಎದ್ದರು. ಬೆಟ್ಟದ ಬುಡದಲ್ಲಿ ಹಳದಿ ಟೋಪಿಯ ಸುಳಿವಿಲ್ಲ. ಮೇಲಿರಬಹುದೆಂದು ಹತ್ತಿಸಿದ, ಮೇಲೂ ಇರಲಿಲ್ಲ. ಮತ್ತೆ ಫೋನ್ ಮಾಡಿದ. "ಬಿದಿರ ಕಾಡು ಎಷ್ಟು ತಂಪಾಗಿದೆ ಅಲ್ವೇನ್ರೀ?" ಎಂದಳು ಮೇಯುನ್. ಬೆಟ್ಟದಿಂದ ಇಳಿದು, ರೈಲು ಹಿಡಿದು, ಊರಿನ ಆ ಮೂಲೆಯ ಬಿದಿರ ಕಾಡಿಗೆ ಓಡಿದರು. ಅಲ್ಲಿ ಬಿದಿರು ಮಾತ್ರ ಇತ್ತು.

ಪಕ್ಕದ ದೇವಸ್ಥಾನದೊಳಗೆ ಹಳದಿ ಬಣ್ಣವೇನೋ ಕಂಡಂತಾಯಿತು. ಶೂ ಕಳಚಿ ಒಳಗೆ ನುಗ್ಗಿದರೆ ಅದೊಂದು ಹೂವಿನ ಪೊದೆ. ಅದೇ ರಭಸದಲ್ಲಿ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಅರ್ಧ ಬೀದಿ ನಡೆದ ಮೇಲೆ ನೋಡಿದರೆ ಎಲ್ಲರ ಕಾಲಲ್ಲೂ ಬರೀ ಕಾಲುಚೀಲ. ಶೂಗಳೆಲ್ಲ ಮುಂಬಾಗಿಲಲ್ಲೇ ಇದ್ದವು.

"ಕಾಲಿಗೆ ಮಣ್ಣು ತಾಗಿದ್ರೆ ಒಳ್ಳೇದು, ಇಲ್ಲಿನ ಪದ್ಧತಿ" ಎಂದ ತಿಯೆನ್‌ಫು ಗಂಭೀರವಾಗಿ.

"ನೋಡಿದ್ರಾ, ಆ ಹುಡುಗಿ ಇದನ್ನ ಹೇಳಲೇ ಇಲ್ಲ!" ಎಂದಳು ಅಜ್ಜಿ, ಕಾಲುಚೀಲದಲ್ಲೇ ಭಕ್ತಿಯಿಂದ ಹೆಜ್ಜೆಹಾಕುತ್ತ. "ಈ ದೇವಸ್ಥಾನ ಯಾವ ಕಾಲದ್ದಪ್ಪಾ?"

"ಬಹಳ ಹಳೇದಮ್ಮಾ. ನನಗಿಂತ, ನಿಮಗಿಂತ ಹಳೇದು. ನಡೀರಿ!"

"ಆಹಾ, ಎಷ್ಟು ಚುಟುಕಾಗಿ ಹೇಳ್ತಾನೆ!"

ವಾಪಸು ಹೋಗಿ ಶೂ ಹಾಕಿಕೊಂಡು, ಚಿನ್ನದ ಮಂಟಪದ ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿಗೆ ಮುಟ್ಟಿದರು. ಅಲ್ಲಿಯೂ ನಮ್ಮವರಿಲ್ಲ. ತಿಯೆನ್‌ಫು ಮತ್ತೆ ಫೋನ್ ಒತ್ತಿದ. ಈ ಸಲ ಮೇಯುನ್ ತಾನೇ ಮೊದಲು ಬಾಯಿ ಬಿಟ್ಟಳು.

"ಸಾಕು ಮಾಡ್ರೀ ನಿಮ್ಮ ನಾಟಕ! ಬಿದಿರ ಕಾಡು ನೋಡಿ, ತಡವಾಗಿ ಊಟಕ್ಕೆ ಕೂತು ಮಾಸ್ಕ್ ತೆಗೆದಾಗ ಎಲ್ಲರಿಗೂ ಗೊತ್ತಾಯ್ತು. ಸ್ಟೇಷನ್‌ಗೆ ಬನ್ನಿ, ಎಲ್ಲರೂ ನಿಮಗಾಗಿ ಕಾಯ್ತಿದಾರೆ."

ಮುಗಿಯಿತು ಕತೆ ಎಂದುಕೊಂಡ ತಿಯೆನ್‌ಫು. ಗಲ್ಲಿಗೇರುವವನಂತೆ ಕ್ಯೋಟೋ ಸ್ಟೇಷನ್ ಹೊಕ್ಕ. ದೊಡ್ಡ ಮೆಟ್ಟಿಲುಗಳ ಕೆಳಗೆ ತೈನಾನ್‌ನವರೆಲ್ಲ ಸಾಲಾಗಿ ನಿಂತಿದ್ದರು. ಅವನನ್ನು ಕಂಡದ್ದೇ ತಡ, ಆಪಿಂಗ್ ಓಡಿ ಬಂದು ತಬ್ಬಿಕೊಂಡ.

"ಭಲೇ ಅಣ್ಣ! ಗೈಡೇ ಬೇಡ ಅಂತ ಜಂಬ ಕೊಚ್ಚಿ, ಒಳಗೊಳಗೇ ಇಂಥಾ ಗೈಡನ್ನ ಗೊತ್ತು ಮಾಡಿದ್ಯಲ್ಲ! ಒಂದೊಂದು ಕಲ್ಲಿಗೂ ಒಂದೊಂದು ಕತೆ ಹೇಳ್ತಾಳೆ!"

ಅವರ ಹಿಂದೆ ಗೈಡ್ ಹುಡುಗಿ ನಿಂತಿದ್ದಳು, ಕೈಯಲ್ಲಿ ಅಂಥದ್ದೇ ಕೆಂಪು ಬಾವುಟ. ಜನ ಅದಲುಬದಲಾದದ್ದು ಗೊತ್ತಾದರೆ ಅವಳ ಕೆಲಸವೂ ಉಳಿಯುತ್ತಿರಲಿಲ್ಲ. "ತಿಯೆನ್‌ಫು ಅವರೇ ನನ್ನ ಕರೆಸಿದ್ದು" ಎಂದು ಊಟದ ಹೊತ್ತಿಗೇ ಹೇಳಿಬಿಟ್ಟಿದ್ದಳು. ಈಗ ಕಣ್ಣಲ್ಲೇ ಕೈಮುಗಿದಳು. ತಿಯೆನ್‌ಫುವಿಗೆ ಎಲ್ಲವೂ ಅರ್ಥವಾಯಿತು. ಹೋದ ಜೀವ ಬಂದಂತಾಗಿ ಎದೆ ಮೊದಲಿಗಿಂತ ಎರಡರಷ್ಟು ಉಬ್ಬಿತು. "ನಿಮಗೊಂದು ಸಂತೋಷ ಆಗ್ಲಿ ಅಂತ..." ಎಂದು ವಿನಯದಿಂದ ತಲೆ ಬಾಗಿಸಿದ.

ಅಷ್ಟರಲ್ಲಿ ಚಿನ್ನದ ಹಲ್ಲಿನ ಅಜ್ಜಿ ಮುಂದೆ ಬಂದಳು. "ಇವನು ನಿಮ್ಮೋನಾ? ಪುಣ್ಯವಂತರು ನೀವು! ನಮ್ಮನ್ನ ಬೆಟ್ಟ ಹತ್ತಿಸಿದ, ಕಾಡು ನುಗ್ಗಿಸಿದ, ಊರಿಗೆ ಊರೇ ತೋರಿಸಿದ. ಎಪ್ಪತ್ತು ದಾಟಿದ ಮೇಲೆ ನಾನು ಇಷ್ಟು ಓಡಿದ್ದು ಇವತ್ತೇ!"

ತೈನಾನ್‌ನವರು ಮೂಗಿನ ಮೇಲೆ ಬೆರಳಿಟ್ಟರು. "ನಮಗೆ ಗೈಡನ್ನ ಬಿಟ್ಟುಕೊಟ್ಟು, ಗೈಡಿಲ್ಲದೋರ ಹಿಂದೆ... ಅಲ್ಲ, ಮುಂದೆ ತಾನೇ ಹೋಗಿದ್ದಾನೆ! ನೋಡಿ, ಇವನು ನಮ್ಮ ಬೀದಿಯೋನು!" ಎಂದು ಆಪಿಂಗ್ ಸ್ಟೇಷನ್ನಿಗೆಲ್ಲ ಕೇಳುವಂತೆ ಕೂಗಿದ. ಮೇಯುನ್ ಕಣ್ಣೊರೆಸಿಕೊಂಡಳು. ಇಂಥ ಗಂಡ ಜ್ವರ ಹಿಡಿದು ಮಲಗಿದ್ದನ್ನು ಆಕೆ ಅವತ್ತೇ ಮರೆತಳು. ಚುನಾವಣೆ ಗೆದ್ದಂತೆಯೇ ಸರಿ ಎಂದು ತಿಯೆನ್‌ಫು ಶುಚಿನ್‌ಳತ್ತ ನೋಡಿದ. ಆಕೆ ಎಲ್ಲರಿಗಿಂತ ಮೊದಲು ಕೈಯೆತ್ತಿ ಜನರನ್ನು ಸುಮ್ಮನಾಗಿಸಿದಳು.

"ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನನಗೆ ಇವತ್ತು ಹೆಮ್ಮೆಯಾಗ್ತಿದೆ" ಎಂದಳು ಶುಚಿನ್. "ಇಂಥಾ ಕಾಲು, ಇಂಥಾ ತಲೆ ಇರೋ ಮನುಷ್ಯನ್ನ ವಾರ್ಡ್ ಆಫೀಸಿನ ಕುರ್ಚೀಲಿ ಕೂರಿಸಿ, ಚರಂಡಿ ದೂರು ಬರೆಸೋದಾ? ನಮಗೆ ಪಾಪ ಸುತ್ಕೊಳ್ಳುತ್ತೆ! ಇವತ್ತಿಂದ ನಮ್ಮ ವಾರ್ಡಿನ ಪ್ರವಾಸಗಳೆಲ್ಲಾ ತಿಯೆನ್‌ಫು ಅಣ್ಣನ ಕೈಗೆ. ಆ ಹಾಳು ಕುರ್ಚಿ ನನಗೇ ಇರ್ಲಿ. ಇನ್ನೂ ನಾಲ್ಕು ವರ್ಷ ಹೇಗೋ ಹಲ್ಲುಕಚ್ಚಿ ಸಹಿಸ್ಕೋತೀನಿ."

"ಹೌದು ಹೌದು! ಇಂಥೋನ್ನ ಕುರ್ಚಿಗೆ ಕಟ್ಟಿಹಾಕಬಾರದು!" ಎಂದ ಆಪಿಂಗ್.

"ಮುಂದಿನ ಸಲ ನಾವೂ ಬರ್ತೀವಿ!" ಎಂದರು ಚಿಯಾಯಿಯವರು.

ತಿಯೆನ್‌ಫು ಬಾಯಿ ತೆರೆದ. ಬೇಡ ಎನ್ನಬೇಕಾದರೆ ತನಗೆ ದಾರಿ ಗೊತ್ತಿಲ್ಲ ಎನ್ನಬೇಕು. ಬಾಯಿ ಮುಚ್ಚಿದ. ಮೆಟ್ಟಿಲ ತುಂಬ ಚಪ್ಪಾಳೆಯ ಸುರಿಮಳೆಯಾಯಿತು. ಮೇಯುನ್ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು.

"ಏನ್ರೀ ಹಾಗೆ ಕಂಬದ ಥರ ನಿಂತಿದೀರಿ? ಶುಚಿನ್ ಅಕ್ಕ ನಿಮಗೋಸ್ಕರ ಇಷ್ಟು ತ್ಯಾಗ ಮಾಡ್ತಿದಾರೆ, ನೀವೂ ಚಪ್ಪಾಳೆ ತಟ್ರೀ!"

ತಿಯೆನ್‌ಫು ತಟ್ಟಿದ.