ಗೋಡೆಗೇರಿದ ಮಲಪ್ರಭೆ

ನಾನು ತೆಗೆದ ಫೋಟೋಗಳಲ್ಲಿ ಮನುಷ್ಯರಿರುವುದಿಲ್ಲ. ಇದೊಂದು ದೊಡ್ಡ ದೋಷವೆಂದು ನಮ್ಮ ಬಳಗವೆಲ್ಲ ಒಮ್ಮತದಿಂದ ತೀರ್ಮಾನಿಸಿದೆ. ಮಾಳಮಡ್ಡಿಯ ನಮ್ಮ ಮನೆಗಳಲ್ಲಿ ಫೋಟೋ ಎಂದರೆ ಸಾಲಾಗಿ ನಿಂತ ಮಂದಿ, ನಡುವೆ ಕುರ್ಚಿಯಲ್ಲಿ ಹಿರಿಯರು. ಬರೀ ಗುಡ್ಡ, ನೀರು ತೋರಿಸಿದರೆ "ಛಲೋ ಅದ, ಆದ್ರ ನೀವೆಲ್ಲಿದ್ದೀರಿ?" ಎಂದು ಕೇಳುತ್ತಾರೆ. ಹೀಗಿದ್ದೂ ಪಡಸಾಲೆಯ ದೊಡ್ಡ ಗೋಡೆಯ ಮೇಲೆ ನನ್ನದೊಂದು ಚಿತ್ರ ತೂಗಬೇಕೆಂಬುದು ನನ್ನ ಬಹುದಿನದ ಆಸೆ. ಅಲ್ಲಿದ್ದದ್ದು ನಮ್ಮ ಮದುವೆಯ ಫೋಟೋ. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ. "ಅದಕ್ಕಿಂತ ಛಲೋದು ತೆಗೀರಿ, ಬದಲಿ ಮಾಡೋಣು," ಎಂದು ಹೆಂಡತಿ ಸುಮಿತ್ರಾ ಸವಾಲು ಹಾಕಿದಳು.

ಸವದತ್ತಿಯ ಹತ್ತಿರ ಮಲಪ್ರಭೆ ಗುಡ್ಡ ಸೀಳಿಕೊಂಡು ಹರಿಯುವ ಕೊಳ್ಳವಿದೆ. ಮುಂಜಾನೆ ಗಾಳಿ ಏಳುವುದರೊಳಗೆ ಹೋದರೆ ಎರಡೂ ಬದಿಯ ಬಂಡೆಗಳು ನೀರಿನಲ್ಲಿ ಅಚ್ಚೊತ್ತಿದಂತೆ ಮೂಡುತ್ತವೆ. ಒಬ್ಬನೇ ಹೋಗಬೇಕೆಂದಿದ್ದೆ. ಆದರೆ ನಮ್ಮಲ್ಲಿ ಹೊಳೆಗೆ ಒಬ್ಬನೇ ಹೋಗುವ ಪದ್ಧತಿಯೇ ಇಲ್ಲ. ಸುಮಿತ್ರಾ ಬುತ್ತಿ ಕಟ್ಟಿದಳು. ಅವಳ ತಾಯಿ, ಅಂದರೆ ನಮ್ಮ ಅತ್ತೆ, ಹೊಳೆಗೆ ಉಡಿ ತುಂಬಲೆಂದು ಖಣ, ಅಕ್ಕಿ, ಅರಿಷಿಣ-ಕುಂಕುಮ, ತೆಂಗಿನಕಾಯಿ ತೆಗೆದುಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕುಳಿತರು.

ಟ್ರೈಪಾಡ್ ನಿಲ್ಲಿಸಿದೆ. ನೀರು ಒಂದಿಷ್ಟೂ ಅಲುಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಇನ್ನೇನು ಗುಂಡಿ ಒತ್ತಬೇಕು, ಅತ್ತೆ ನೀರಿಗಿಳಿದರು.

"ಅತ್ತಿಯವರ, ಒಂದೀಟು ತಡೀರಿ. ನೀರಾಗಿನ ಗುಡ್ಡ ಅಳಸಿ ಹೋಗ್ತದ."

"ನೀರಾಗಿಂದು ಯಾಕ ಬೇಕ್ರಿ? ಖರೇ ಗುಡ್ಡ ಎದುರಿಗೇ ನಿಂತದ ಅಲಾ, ಅದನ್ನ ತೆಗೀರಿ. ಬಂದ ಕೂಡ್ಲೆ ಹೊಳಿಗೆ ಉಡಿ ತುಂಬಬೇಕು. ನಿಮ್ಮ ಆಟ ಆಮ್ಯಾಲೆ."

ಉಡಿ ತುಂಬಿದರು, ಗುಡ್ಡ ಚೂರುಚೂರಾಯಿತು. ಮತ್ತೆ ನೀರು ತಿಳಿಯಾಗುವ ಹೊತ್ತಿಗೆ ತೆಂಗಿನಕಾಯಿ ತೇಲುತ್ತ ನನ್ನ ಚಿತ್ರದ ನಟ್ಟನಡುವೆ ಬಂದು ನಿಂತಿತು. ಕಲ್ಲೆಸೆದು ಸರಿಸೋಣವೆಂದರೆ ಮತ್ತೆ ಅಲೆ, ಮೇಲಾಗಿ ಈಗ ಅದು ಗಂಗಮ್ಮನ ಸ್ವತ್ತು. ನನಗೆ ನಿಜವಾಗಿಯೂ ಅಳು ಬಂತು. ಸುಮಿತ್ರಾ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗಿಟ್ಟಳು. ಬಾಯಿ ತುಂಬಿದ್ದರಿಂದ ಸಿಟ್ಟು ಹೊರಗೆ ಬರಲಿಲ್ಲ. ಅಷ್ಟರಲ್ಲಿ ಕಾಯಿ ತಾನಾಗಿ ಬಂಡೆಯ ಮರೆಗೆ ಸರಿಯಿತು. ರೊಟ್ಟಿಯನ್ನು ಎಡಗೈಗೆ ದಾಟಿಸಿ ಒತ್ತಿಯೇಬಿಟ್ಟೆ. ಕೊಳ್ಳದ ಕಡುನೆರಳು, ಮೇಲೊಂದು ಗುಡ್ಡ, ಕೆಳಗೊಂದು ಗುಡ್ಡ. ಅತ್ತೆಯೂ ತಲೆದೂಗಿದರು.

ದುರ್ಗದಬೈಲಿನ ಅಂಗಡಿಯಲ್ಲಿ ಆ ಚಿತ್ರಕ್ಕೆ ದೊಡ್ಡ ಗಾಜಿನ ಕಟ್ಟು ಹಾಕಿಸಿದೆ. ಮದುವೆಯ ಫೋಟೋ ಒಳಕೋಣೆಗೆ ಹೋಯಿತು. ಮನೆಗೆ ಬಂದವರೆಲ್ಲ ನನ್ನ ಮಲಪ್ರಭೆಯ ಮುಂದೆ ಬಹಳ ಹೊತ್ತು ನಿಲ್ಲತೊಡಗಿದರು. ನಾನು ಒಳಗೊಳಗೇ ಉಬ್ಬಿದೆ. ಪಕ್ಕದ ಮನೆಯ ಕುಸುಮಕ್ಕನಂತೂ ದಿನಾಲೂ ಬರುತ್ತಿದ್ದರು. ಒಮ್ಮೆ ತಡೆಯಲಾರದೆ, "ಏನ ಅಷ್ಟ ಹಿಡಿಸೇದ್ರಿ ನಿಮಗ ಇದರಾಗ?" ಎಂದು ಕೇಳಿದೆ.

"ಹಣಿ ಮ್ಯಾಲಿನ ಕುಂಕುಮ ನೆಟ್ಟಗ ಅದ ಏನಂತ ನೋಡಾಕತ್ತಿದ್ದೆ. ಒಳಗ ಕರ್ರಗ ಅದ ಅಲ್ರಿ, ಗಾಜಿನ್ಯಾಗ ಮಾರಿ ಭಾಳ ಸ್ವಚ್ಛ ಕಾಣಸ್ತದ. ನಮ್ಮ ಮನ್ಯಾಗಿನ ಕನ್ನಡಿ ಹಿಂಗಿಲ್ಲ ನೋಡ್ರಿ."

ಅವರು ಹೋದ ಮೇಲೆ ಚಿತ್ರವನ್ನು ಇಳಿಸಿಯೇಬಿಡುತ್ತೇನೆಂದು ಕೂಗಾಡುತ್ತ ಸ್ಟೂಲು ಹತ್ತಿ ಕಟ್ಟನ್ನು ಎರಡೂ ಕೈಯಿಂದ ಹಿಡಿದೆ. ಬಂಡೆಯ ನೆರಳಿನಲ್ಲಿ ನನ್ನ ಮುಖ ಕಂಡಿತು. ಬೋಳು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

"ಇಳಿಸಿದ್ರೇನ್ರಿ?" ಒಳಗಿನಿಂದ ಸುಮಿತ್ರಾ ಕೇಳಿದಳು.

"ಇರ್ಲಿ ಬಿಡು, ಛಲೋ ಬಂದದ," ಎಂದು ಇದ್ದ ನಾಲ್ಕು ಕೂದಲನ್ನು ಈ ಕಡೆಯಿಂದ ಆ ಕಡೆಗೆ ಸರಿಪಡಿಸಿಕೊಂಡೆ.